ಚುರುಟಿನ ಸತ್ತ್ವವೂ ಬೆಲೆಯೂ: ಕೋಲಾರ ಸೀಮೆಯ ಜಮೀನ್ದಾರರು ತಿಳಿಯತಕ್ಕ ಕೆಲವು ಸಂಗತಿಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳ ಗ್ರಾಮಗಳಲ್ಲಿ ಊಟವಾದ ತರುವಾಯ ಜಗಲಿಯ ಮೇಲೆ ಕುಳಿತು ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಸೇವಿಸುವ ಹಿರಿಯರು ಹಿಂದಿನಿಂದಲೂ ಉಂಟು. ಬೀಡಿ, ನಶ್ಯ, ಕಡ್ಡಿಪುಡಿ, ಎಲೆಯಡಿಕೆಯೊಡನೆ ಹಾಕಿಕೊಳ್ಳುವ ಸೊಪ್ಪು, ತೆಲುಗು ಸೀಮೆಯ ಕಡೆಯ ಚುಟ್ಟ ಇವೆಲ್ಲವೂ ಪರಿಚಿತವಾದುವೇ. ಇವುಗಳ ಜೊತೆಗೆ ಪರದೇಶದ ಚುರುಟೂ ಒಮ್ಮೊಮ್ಮೆ ಕಾಣಿಸಿಕೊಳ್ಳುವುದುಂಟು. ಅಮೆರಿಕಾದಲ್ಲಿ ಉದ್ಯೋಗದಲ್ಲಿರುವ ಮಗನೋ ಅಳಿಯನೋ ರಜಕ್ಕೆ ಬಂದಾಗ ತಂದುಕೊಡುವ ಪೆಟ್ಟಿಗೆಯ ಮೇಲೆ ನಿಕರಾಗುವ ಎಂಬ ದೇಶದ ಹೆಸರಿರುವುದು. ಸೇದಿದವರು ಇದು ಬಹಳ ಸತ್ತ್ವವುಳ್ಳದ್ದೆಂದೂ, ಕ್ಯೂಬಾ ದೇಶದ ಹೆಸರಾಂತ ಚುರುಟಿಗಿಂತ ಎಷ್ಟೋ ಸೋವಿಯೆಂದೂ ಹೇಳುವರು. ಹೀಗೆ ಹೇಳುವವರು ಭೂಮಿಯುಳ್ಳವರಾಗಿದ್ದರೆ ಅವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಇಷ್ಟು ಸತ್ತ್ವವು ಇಷ್ಟು ಬೆಲೆಗೆ ಹೇಗೆ ಬಂತು? ಇಂಥ ಎಲೆಯನ್ನು ಇಲ್ಲಿಯ ಕೆಮ್ಮಣ್ಣಿನಲ್ಲಿ ಬೆಳೆಯಬಾರದೇಕೆ? ಮೊದಲನೆಯದಕ್ಕೆ ಉತ್ತರವು ಕೇಳಲು ಸ್ವಾರಸ್ಯವಾದುದು. ಎರಡನೆಯದಕ್ಕೆ ಉತ್ತರವು ಅಷ್ಟು ಹಿತವಾದುದಲ್ಲ, ಆದರೆ ಅದೇ ಮುಖ್ಯವಾದುದು.

ಚುರುಟು ಎಂಬ ಮಾತು ತಮಿಳಿನಿಂದ ಬಂದುದು. ಸುರುಟಿದ್ದು, ಅಂದರೆ ಸುರುಳಿ ಮಾಡಿದ್ದು ಎಂದು ಅದರ ಅರ್ಥ. ಇಂಗ್ಲಿಷರ ‘ಚೆರೂಟ್’ ಎಂಬುದೂ ಇದೇ ಮಾತು. ತೆಲುಗಿನ ಚುಟ್ಟವೂ ಸುತ್ತಿದ್ದೆಂಬ ಅರ್ಥದ್ದೇ. ಹೆಸರು ದೇಶೀಯವಾದರೂ ಗಿಡವು ದೇಶೀಯವಲ್ಲ. ಅಮೆರಿಕಾ ಖಂಡದ ಈ ಗಿಡವನ್ನು ಪೋರ್ತುಗೀಸರು ಪಶ್ಚಿಮದ ಕರಾವಳಿಗೆ ತಂದರು. ಅಲ್ಲಿಂದ ಮೊದಲು ನೆಲೆಗೊಂಡ ಸ್ಥಳಗಳಲ್ಲಿ ಬಿಜಾಪುರವೂ ಒಂದು. ಅಕ್ಬರ ಬಾದಶಹನ ಅಧಿಕಾರಿಯಾದ ಅಸದ್ ಬೇಗನು 1604–05ರ ಸುಮಾರಿನಲ್ಲಿ ಬಿಜಾಪುರದಿಂದ ಹೊಗೆಸೊಪ್ಪನ್ನೂ ಅಲಂಕೃತವಾದ ಸೇದುಗೊಳವೆಯನ್ನೂ ಕೊಂಡೊಯ್ದು ದೊರೆಯ ಮುಂದಿಟ್ಟನೆಂದು ತಾನೇ ಬರೆದಿಟ್ಟಿರುವನು. ಆಸ್ಥಾನದ ವೈದ್ಯರು ಬೇಡವೆಂದರು. 1617ರಲ್ಲಿ ಜಹಾಂಗೀರನು ನಿಷೇಧವನ್ನೇ ಹೊರಡಿಸಿದನು. ಆ ನಿಷೇಧವು ಎಷ್ಟು ದಿನ ನಿಂತಿತೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಒಳ್ಳೆಯ ಚುರುಟಿನಲ್ಲಿ ಮೂರು ಬಗೆಯ ಎಲೆಗಳಿರುವುವು. ಒಳಗೆ ಹೂರಣದ ಎಲೆ, ಅದನ್ನು ಹಿಡಿದಿಡುವ ಕಟ್ಟೆಲೆ, ಎಲ್ಲಕ್ಕಿಂತ ಹೊರಗೆ ನಯವಾದ ಹೊದಿಕೆ ಎಲೆ. ಹೂರಣದಲ್ಲಿ ಒಂದೇ ಗಿಡದ ಬೇರೆ ಬೇರೆ ಮಟ್ಟದ ಎಲೆಗಳನ್ನು ಕೂಡಿಸುವರು. ಗಿಡದ ಕೆಳಭಾಗದ ಎಲೆ ತೆಳ್ಳಗಿದ್ದು ರುಚಿ ಕಡಿಮೆಯಾದರೂ ಬೆಂಕಿಯನ್ನು ಚೆನ್ನಾಗಿ ಹಿಡಿಯುವುದು. ನಡುವಿನ ಎಲೆಯಲ್ಲಿ ಪರಿಮಳ ಹೆಚ್ಚು. ತುದಿಯ ಎಲೆಯು ಬಿಸಿಲನ್ನೆಲ್ಲ ತಾನೇ ಉಂಡು, ದಪ್ಪವಾಗಿ, ಅಂಟಂಟಾಗಿ, ನಿಕೋಟಿನ್ ಎಂಬ ಕ್ಷಾರಸತ್ತ್ವವನ್ನು ಹೆಚ್ಚಾಗಿ ತುಂಬಿಕೊಂಡು ಎಲ್ಲಕ್ಕಿಂತ ತಡವಾಗಿ ಬಲಿಯುವುದು. ಇದಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಲಿಗೆರೊ’ ಎಂದು ಹೆಸರು; ಆ ಮಾತಿಗೆ ‘ಹಗುರವಾದದ್ದು’ ಎಂದು ಅರ್ಥವಾಗುವುದೊಂದು ವಿನೋದ. ಲಿಗೆರೊ ನಿಧಾನವಾಗಿ ಉರಿಯುವುದರಿಂದ ಅದನ್ನು ಸುರುಳಿಯ ನಟ್ಟನಡುವೆ ಇಡುವರು. ಸೇದುವವರು ‘ಮೈತುಂಬಿದ್ದು’ ಎನ್ನುವ ಗುಣವು ಬಹುಮಟ್ಟಿಗೆ ಈ ತುದಿಯೆಲೆಯ ಗುಣ. ಹೂ ಬಿಡುವ ಮೊದಲೇ ಗಿಡದ ಕುಡಿಯನ್ನು ಮುರಿದು, ಎಲೆಯ ಕಂಕುಳಲ್ಲಿ ಬರುವ ಚಿಗುರುಗಳನ್ನು ಮತ್ತೆ ಮತ್ತೆ ಚಿವುಟಿ ಹಾಕಿದರೆ ಬೀಜಕ್ಕೆ ಹೋಗಬೇಕಾದ ಸಾರವು ಎಲೆಯಲ್ಲೇ ನಿಲ್ಲುವುದು. ಸತ್ತ್ವದ ಅರ್ಧ ಕೆಲಸವು ಹೊಲದಲ್ಲಿಯೇ, ಕೂಲಿಯಾಳಿನ ಹೆಬ್ಬೆರಳು ತೋರುಬೆರಳುಗಳ ನಡುವೆ, ಮುಗಿದಿರುವುದು.

ಉಳಿದ ಅರ್ಧವು ಮನೆಯೊಳಗಿನದು. ಸಿಗರೇಟಿನ ವರ್ಜೀನಿಯಾ ಎಲೆಯನ್ನು ಬ್ಯಾರನ್ನುಗಳಲ್ಲಿ ಕಾವು ಕೊಟ್ಟು ಕೆಲವೇ ದಿವಸಗಳಲ್ಲಿ ಹಳದಿಯಾಗಿ ಒಣಗಿಸುವರು. ಚುರುಟಿನ ಎಲೆಗೆ ಈ ಅವಸರ ಸಲ್ಲದು. ದೊಡ್ಡ ಕೊಟ್ಟಿಗೆಗಳಲ್ಲಿ ಎಲೆಗಳನ್ನು ಪೋಣಿಸಿ ತೂಗುಹಾಕಿ, ಗಾಳಿಯ ಓಡಾಟವನ್ನು ಕಿಟಕಿಗಳಿಂದ ಹದದಲ್ಲಿಟ್ಟು, ಆರು ವಾರಗಳಿಂದ ಎಂಟು ವಾರಗಳವರೆಗೆ ಆರಿಸುವರು. ಹಸುರು ಹಳದಿಯಾಗಿ, ಹಳದಿ ಕಂದಾಗುವುದು. ತರುವಾಯ ಎಲೆಗಳನ್ನು ಕಟ್ಟುಕಟ್ಟಾಗಿ ಎದೆಯೆತ್ತರದ ರಾಶಿ ಹಾಕುವರು. ಹಸಿ ಹುಲ್ಲಿನ ಮೆದೆಯೊಳಗೆ, ತಿಪ್ಪೆಯೊಳಗೆ ಕೈಯಿಟ್ಟು ನೋಡಿದ ರೈತರಿಗೆಲ್ಲ ಆ ರಾಶಿಯಲ್ಲಿ ಏನು ನಡೆಯುವುದೆಂದು ವಿವರಿಸಬೇಕಾಗಿಲ್ಲ. ಒಳಗಿನ ಕಾವು ಏರುತ್ತ ಹೋಗುವುದು. 45–50 ಡಿಗ್ರಿ ಸೆಂಟಿಗ್ರೇಡ್ ಮುಟ್ಟುವ ವೇಳೆಗೆ ರಾಶಿಯನ್ನು ಕಿತ್ತು ಒಳಗಿನದು ಹೊರಗೆ, ಹೊರಗಿನದು ಒಳಗೆ ಬರುವಂತೆ ಮತ್ತೆ ಒಟ್ಟಬೇಕು. ಮೂಗಿಗೆ ಹೊಡೆಯುವ ನವಸಾಗರದ ವಾಸನೆ, ಅಂದರೆ ಅಮೋನಿಯಾ, ಆಗ ಹೊರಟುಹೋಗುವುದು. ಖಾರವು ಇಳಿದು ಮಣ್ಣಿನ, ಮರದ, ಹುರಿದ ಕಾಫಿಯಂಥ ವಾಸನೆಗಳು ಏಳುವುವು. ಲಿಗೆರೊ ಎಲೆಗೆ ಈ ಪಾಕವು ಎಲ್ಲಕ್ಕಿಂತ ಹೆಚ್ಚು ಕಾಲ ಬೇಕು. ಆಮೇಲೆ ವರ್ಷಾನುಗಟ್ಟಲೆ ಮೂಟೆಯಲ್ಲಿ ಹಳತಾಗಬೇಕು. ಸತ್ತ್ವವಿದ್ದೂ ಗಂಟಲನ್ನು ಕೆರೆಯದ ಚುರುಟು ಈ ಕಾಯುವಿಕೆಯಿಂದ ಬರತಕ್ಕದ್ದು. ಕಾಯದೆ ಸುತ್ತಿದ ಎಲೆ ಬರಿಯ ಖಾರ.

ನಿಕರಾಗುವ ದೇಶವು ಮಧ್ಯ ಅಮೆರಿಕಾದಲ್ಲಿ ಹೊಂಡುರಾಸ್ ಮತ್ತು ಕೋಸ್ಟರೀಕಾಗಳ ನಡುವೆ ಇರುವುದು. ಅಲ್ಲಿಯ ಉತ್ತರ ಭಾಗದ ಎಸ್ತೆಲಿ, ಕೊಂಡೆಗ, ಹಲಾಪ ಎಂಬ ಕಣಿವೆಗಳಲ್ಲಿಯೂ, ದೊಡ್ಡ ಸರೋವರದ ನಡುವಿನ ಒಮೆತೆಪೆ ಎಂಬ ಜ್ವಾಲಾಮುಖಿ ದ್ವೀಪದಲ್ಲಿಯೂ ಹೊಗೆಸೊಪ್ಪು ಬೆಳೆಯುವುದು. ಎಸ್ತೆಲಿಯ ಕಪ್ಪು ಮಣ್ಣಿನ ಎಲೆ ಖಡಕ್ಕು, ಹಲಾಪದ ಎಲೆ ಮೃದು, ತುಸು ಸಿಹಿ, ಕೊಂಡೆಗದ್ದು ನಡುವಿನದು. ಒಂದೇ ಸಣ್ಣ ದೇಶದೊಳಗೆ ಇಷ್ಟು ಬಗೆಯ ಮಣ್ಣಿರುವುದರಿಂದ ಹೊರಗಿನ ಎಲೆಯನ್ನು ತರಿಸದೆ ಪೂರ್ಣ ಚುರುಟನ್ನು ಸುತ್ತಬಲ್ಲರು. ಆದರೆ ಮಣ್ಣೊಂದೇ ಕಾರಣವಲ್ಲ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿಯಾಗಿ, 1962ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನವು ಆ ದೇಶದ ವ್ಯಾಪಾರವನ್ನು ತಡೆದಾಗ, ಕ್ಯೂಬಾದಿಂದ ಹೊರಟುಬಂದ ಬೆಳೆಗಾರರು ತಮ್ಮ ಬೀಜವನ್ನೂ ಕಸಬನ್ನೂ ಈ ಕಣಿವೆಗಳಿಗೆ ತಂದರು. 1968ರಲ್ಲಿ ಎಸ್ತೆಲಿಯಲ್ಲಿ ಹೂಡಿದ ‘ಹೋಯಾ ದೆ ನಿಕರಾಗುವ’ ಎಂಬ ಕಾರ್ಖಾನೆಯು ಅಲ್ಲಿಯ ಕಾರ್ಖಾನೆಗಳಲ್ಲಿ ಹಳೆಯದು. 1979ರ ಕ್ರಾಂತಿ, ಅನಂತರದ ಅಂತರ್ಯುದ್ಧ, 1985ರಿಂದ 1990ರವರೆಗಿನ ಅಮೆರಿಕಾದ ವ್ಯಾಪಾರ ನಿಷೇಧ ಇವುಗಳಿಂದ ಆ ಕಸಬು ಕುಗ್ಗಿ, 1990ರ ದಶಕದಲ್ಲಿ ಮತ್ತೆ ಚಿಗುರಿತು.

ಬೆಲೆಯ ಮಾತಿಗೆ ಬಂದರೆ, ಕೊಳ್ಳುವವನು ಕೊಡುವ ಹಣವೆಲ್ಲ ರುಚಿಗೆ ಹೋಗುವುದಿಲ್ಲ. ಎಲೆಗಳ ಪೈಕಿ ಅತಿ ದುಬಾರಿಯಾದದ್ದು ಹೊದಿಕೆ ಎಲೆ. ತೂತಿಲ್ಲದ, ಚುಕ್ಕೆಯಿಲ್ಲದ, ದಪ್ಪ ನರವಿಲ್ಲದ ಎಲೆಗಾಗಿ ಕೆಲವೆಡೆ ಹೊಲಕ್ಕೆ ಹೊಲವನ್ನೇ ಬಟ್ಟೆಯಿಂದ ಮರೆಮಾಡುವರು. ಆರಿಸುವಾಗ ಬಹುಪಾಲು ತಳ್ಳಿಬಿಡುವರು. ಕಣ್ಣಿಗೆ ಕಾಣುವ ಈ ಅಂದಕ್ಕೂ, ಬಣ್ಣದ ಪಟ್ಟಿಗೂ, ಮರದ ಪೆಟ್ಟಿಗೆಗೂ, ಹೆಸರಿಗೂ, ಸುಂಕಕ್ಕೂ ಕೊಟ್ಟು ಉಳಿದದ್ದು ಹೂರಣಕ್ಕೆ. ಬಿಸಿಲಿನಲ್ಲೇ ಬೆಳೆದ, ತುಸು ಒರಟಾದ, ಅಲ್ಲಲ್ಲಿ ಚುಕ್ಕೆಯಿರುವ ಹೊದಿಕೆಯ ಚುರುಟು ಇದರಿಂದಲೇ ಸೋವಿ. ಒಳಗೆ ಉದ್ದನೆಯ ಇಡೀ ಎಲೆಯಿದ್ದರೆ ಸೇದುವವನಿಗೆ ನಷ್ಟವೇನೂ ಇಲ್ಲ. ತುಂಡೆಲೆ ತುಂಬಿದ್ದಾದರೆ ಬೇಗ ಉರಿದು, ಬಿಸಿಯಾಗಿ, ಪುಡಿ ಬಾಯಿಗೆ ಬರುವುದು. ಇದನ್ನು ಬೂದಿಯಿಂದಲೇ ತಿಳಿಯಬಹುದು. ಇಡೀ ಎಲೆಯ ಬೂದಿ ಅಂಗುಲದುದ್ದ ಉದುರದೆ ನಿಲ್ಲುವುದು.

ಸೇದುವ ಕ್ರಮವೂ ಬೀಡಿಯದಲ್ಲ. ಗಾಳಿಯಲ್ಲಿ ಒಣಗಿಸಿದ ಎಲೆಯ ಹೊಗೆ ಕ್ಷಾರಗುಣದ್ದಾದ್ದರಿಂದ ನಿಕೋಟಿನ್ ಬಾಯಿಯ ತೊಗಲಿನಿಂದಲೇ ರಕ್ತಕ್ಕೆ ಸೇರುವುದು. ಹೊಗೆಯನ್ನು ಎದೆಗೆ ಎಳೆಯುವ ಪದ್ಧತಿಯಿಲ್ಲ. ನಿಮಿಷಕ್ಕೊಂದು ಸಲ ಮೆಲ್ಲಗೆ ಎಳೆದು ಬಾಯಲ್ಲಿಟ್ಟು ಬಿಡುವರು. ದೊಡ್ಡದೊಂದು ಮುಗಿಯಲು ಗಂಟೆಯೇ ಹಿಡಿಯುವುದು. ಅವಸರದಲ್ಲಿ ಎಳೆದರೆ ಕಹಿ; ಬರಿಹೊಟ್ಟೆಯಲ್ಲಿ ಎಳೆದರೆ ತಲೆಸುತ್ತು. ಕೋಲಾರದ ಬೇಸಗೆಯ ಒಣಗಾಳಿಗೆ ಹೊದಿಕೆ ಎಲೆ ಸಿಡಿದು ಸೀಳುವುದರಿಂದ ಪೆಟ್ಟಿಗೆಯೊಳಗೆ ಶೇಕಡಾ 65–70ರಷ್ಟು ತೇವವಿರುವಂತೆ ಕಾಪಾಡಬೇಕು. ಸೆಖೆ ಹೆಚ್ಚಾದರೆ ಹೊಗೆಸೊಪ್ಪಿನ ದುಂಬಿಯ ಮೊಟ್ಟೆ ಒಡೆದು ಚುರುಟು ಜರಡಿಯಾಗುವುದು. ಈ ದುಂಬಿ ಮೆಣಸಿನಕಾಯಿ, ಅರಿಸಿನ, ಕೊತ್ತಂಬರಿಗಳನ್ನೂ ಬಿಡದಾದ್ದರಿಂದ ಪೆಟ್ಟಿಗೆಯನ್ನು ಉಗ್ರಾಣದಲ್ಲಿ ಇಡಬಾರದು.

ಇಷ್ಟೆಲ್ಲ ಸೊಗಸನ್ನು ಹೇಳಿದ ಮೇಲೆ ಅದರ ಲೆಕ್ಕವನ್ನೂ ಹೇಳಬೇಕು. ಒಂದು ದೊಡ್ಡ ಚುರುಟಿನಲ್ಲಿ 5ರಿಂದ 17 ಗ್ರಾಂವರೆಗೆ ಎಲೆಯಿರುವುದು. ಒಂದು ಸಿಗರೇಟಿನಲ್ಲಿ ಒಂದು ಗ್ರಾಮಿಗೂ ಕಡಿಮೆ. ಎದೆಗೆ ಎಳೆಯದಿದ್ದರೂ ಬಾಯಿ, ಗಂಟಲು, ಅನ್ನನಾಳಗಳಿಗೆ ಕ್ಯಾನ್ಸರ್ ತಪ್ಪುವುದಿಲ್ಲವೆಂದು ವೈದ್ಯಶಾಸ್ತ್ರವು ನಿಸ್ಸಂದೇಹವಾಗಿ ಹೇಳುವುದು. ಆಂಧ್ರದ ಕರಾವಳಿಯಲ್ಲಿ ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಹೆಂಗಸರ ಅಂಗುಳಿನಲ್ಲಿ ಈ ರೋಗ ಹೆಚ್ಚೆಂದು 1971ರಷ್ಟು ಹಿಂದೆಯೇ ಪ್ರಕಟವಾಗಿರುವುದು. ಕೋಲಾರ ಜಿಲ್ಲೆಯ ವಿಷಯದಲ್ಲಿ ಇದು ದೂರದ ಮಾತಲ್ಲ. ಟಮಕದ ವೈದ್ಯಕೀಯ ಕಾಲೇಜಿನ ವೈದ್ಯರು ಈ ಸೀಮೆಯಲ್ಲಿ ಬಾಯಿಯ ಕ್ಯಾನ್ಸರ್ ಬಹಳವೆಂದೂ, ಹೊಗೆಸೊಪ್ಪನ್ನು ಕೆನ್ನೆಯೊಳಗೆ ಇಟ್ಟುಕೊಳ್ಳುವ ಹೆಂಗಸರಲ್ಲಿ ವಿಶೇಷವೆಂದೂ ಬರೆದಿರುವರು. ಮನೆಯ ಯಜಮಾನರು ಪೆಟ್ಟಿಗೆಯ ಚುರುಟಿನ ಗುಣಾವಗುಣಗಳನ್ನು ಚರ್ಚಿಸುವ ಹೊತ್ತಿನಲ್ಲಿ ಅಡಿಗೆಮನೆಯ ಕಡ್ಡಿಪುಡಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊಗೆಸೊಪ್ಪಿನ ಕಡ್ಡಿ ತೊಟ್ಟುಗಳನ್ನು ಕುಟ್ಟಿದ ಆ ಪುಡಿಯೇ ಎಲ್ಲಕ್ಕಿಂತ ಅಗ್ಗವಾದುದು. ಬಾಯಲ್ಲಿ ಮಾಯದ ಹುಣ್ಣು, ಬಿಳಿಯ ಮಚ್ಚೆ ಕಂಡರೆ, ಅದು ಯಾರ ಬಾಯಾದರೂ ಸರಿ, ಕೂಡಲೇ ತೋರಿಸತಕ್ಕದ್ದು.

ಗ್ರಾಮದ ಮುಖಂಡರಿಗೆ ಇಲ್ಲಿ ಕಾನೂನಿನ ಹೊಣೆಯೂ ಉಂಟು. 2003ರ ಕಾಯಿದೆಯ ಮೇರೆಗೆ, 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ಬಿಗಿಯಾಗಿ ನಿಷೇಧಿಸಿದೆ. ಪಂಚಾಯಿತಿಯ ಕಚೇರಿಯೂ ಅವುಗಳಲ್ಲಿ ಸೇರಿದ್ದು.

ಇನ್ನು ಎರಡನೆಯ ಪ್ರಶ್ನೆ. ದಕ್ಷಿಣ ದೇಶದಲ್ಲಿ ಚುರುಟಿನ ಎಲೆ ಬೆಳೆಯುವುದಿಲ್ಲವೆಂದಲ್ಲ. ತಿರುಚಿರಾಪಳ್ಳಿಯ ಚುರುಟು ಒಂದು ಕಾಲಕ್ಕೆ ಲಂಡನ್ನಿನವರೆಗೂ ಹೆಸರಾಗಿತ್ತು. ಅಲ್ಲಿಯ ಉರೈಯೂರಿನಲ್ಲಿ ಅದನ್ನು ಸುತ್ತುತ್ತಿದ್ದರು. ದಿಂಡಿಗಲ್ಲಿನಲ್ಲಿ ಮದರಾಸಿನ ಸ್ಪೆನ್ಸರ್ ಕಂಪೆನಿಯವರ ಚುರುಟಿನ ಕಾರ್ಖಾನೆಯಿತ್ತು. ಅದಕ್ಕೆ ಸಮೀಪದ ವೇಡಸಂದೂರಿನಲ್ಲಿ ಚುರುಟಿನ ಮತ್ತು ಅಗಿಯುವ ಹೊಗೆಸೊಪ್ಪಿನ ಸಂಶೋಧನೆಗಾಗಿ 1948ರಲ್ಲಿ ಸರ್ಕಾರದ ಕೇಂದ್ರವೊಂದು ಏರ್ಪಟ್ಟಿತು. ಆ ಪ್ರಾಂತದಿಂದ ಕಲಿಯಬೇಕಾದ ಪಾಠವು ನೀರಿನದು. ಹೊಗೆಸೊಪ್ಪಿನ ಗಿಡವು ನೀರಿನಲ್ಲಿರುವ ಕ್ಲೋರೈಡನ್ನು, ಅಂದರೆ ಉಪ್ಪಿನ ಅಂಶವನ್ನು, ಮಿತಿಯಿಲ್ಲದೆ ಹೀರಿ ಎಲೆಯಲ್ಲಿ ಕೂಡಿಡುವುದು. ಒಣಗಿದ ಎಲೆಯಲ್ಲಿ ಅದು ಶೇಕಡಾ 2ನ್ನು ಮೀರಿದರೆ ಎಲೆ ಸದಾ ತೇವವನ್ನು ಹೀರುತ್ತ, ಕಿಡಿಯನ್ನು ಹಿಡಿಯದೆ, ಕರ್ರಗೆ ಆರಿಹೋಗುವುದು. ಆದುದರಿಂದಲೇ ಉಪ್ಪುನೀರಿನ ಬಾವಿಗಳ ಕೆಳಗೆ ಸೇದುವ ಎಲೆಗೆ ಬದಲಾಗಿ ಅಗಿಯುವ ಸೊಪ್ಪನ್ನು ಬೆಳೆಯುವ ವಾಡಿಕೆ ಅಲ್ಲಿರುವುದು. ಇದೇ ಕಾರಣದಿಂದ ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕುವಂತಿಲ್ಲ, ಸಲ್ಫೇಟನ್ನೇ ಹಾಕಬೇಕು.

ಕೋಲಾರದ ಸ್ಥಿತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ವರ್ಷವೆಲ್ಲ ಹರಿಯುವ ಹೊಳೆಯಿಲ್ಲ. ಕಪಿಲೆ ಹೊಡೆಯುತ್ತಿದ್ದ ಬಾವಿಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿರುವ ಊರುಗಳು ಬಹಳ. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರದ ಕೆರೆಯಿಂದ ಮೊದಲ್ಗೊಂಡು ಅನೇಕ ಕೆರೆಗಳನ್ನು ತುಂಬಿರುವುದು. ಯಾವ ನೀರಾದರೂ ಅದರ ಕ್ಲೋರೈಡನ್ನು ಪರೀಕ್ಷೆ ಮಾಡಿಸದೆ ಸೇದುವ ಎಲೆಯನ್ನು ನೆಡುವುದು ಹಣವನ್ನು ಹೊಲದಲ್ಲಿ ಹೂಳಿದಂತೆಯೇ.

ಮಾರಾಟದ ಸಂಗತಿ ಇನ್ನೂ ಗಂಭೀರವಾದುದು. ವರ್ಜೀನಿಯಾ ಎಲೆಗೆ 1976ರಲ್ಲಿ ಸ್ಥಾಪಿತವಾದ ಹೊಗೆಸೊಪ್ಪಿನ ಮಂಡಲಿಯುಂಟು. ಕರ್ನಾಟಕದಲ್ಲಿ ಅದರ ಹರಾಜು 1984ರಲ್ಲಿ ಆರಂಭವಾಯಿತು. ಆ ಹರಾಜುಕಟ್ಟೆಗಳಿರುವುದು ಹುಣಸೂರು, ಪಿರಿಯಾಪಟ್ಟಣಗಳ ಕಡೆ, ಕೋಲಾರದಲ್ಲಿಲ್ಲ. ಅಲ್ಲಿಯ ತಿಳಿ ಕೆಂಪುಮಣ್ಣಿನ ಎಲೆ ಹಗುರವಾದದ್ದು. ಚುರುಟಿಗೆ ಬೇಕಾದ ಸತ್ತ್ವಕ್ಕೆ ಅದು ವಿರುದ್ಧವೇ ಸರಿ. ಮಂಡಲಿಯ ಆಶ್ರಯವಿಲ್ಲದ ಎಲೆಯನ್ನು ಬೆಳೆದವರು ವರ್ತಕರ ಕೈಯನ್ನೇ ನೋಡಬೇಕಾಗುವುದು. ಬೀಡಿಯ ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿಯಲ್ಲಿ 1981ರಲ್ಲಿ ಬೆಳೆಗಾರರು ನ್ಯಾಯವಾದ ಬೆಲೆಗಾಗಿ ರಸ್ತೆಯಲ್ಲಿ ಕುಳಿತರು. ಗೋಲೀಬಾರಾಗಿ ರೈತರು ಸತ್ತರು. ಎರಡು ವರ್ಷ ಹಳತು ಮಾಡಬೇಕಾದ ಎಲೆಗೆ ಎರಡು ವರ್ಷ ಕಾಯಬಲ್ಲ ಬಂಡವಾಳವೂ ಬೇಕು. ರೇಷ್ಮೆಗೂಡು, ಹಾಲು, ತರಕಾರಿಗಳಿಂದ ವಾರವಾರಕ್ಕೆ ಹಣ ಕಾಣುವ ಸೀಮೆಯಲ್ಲಿ ಇದು ಒಗ್ಗುವ ಬೇಸಾಯವಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಡ್ಡಿಯು ಟೊಮ್ಯಾಟೊ. ಹೊಗೆಸೊಪ್ಪು, ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗೆಡ್ಡೆ ಇವೆಲ್ಲ ಒಂದೇ ಕುಲದ ಗಿಡಗಳು. ಒಂದರ ರೋಗ ಇನ್ನೊಂದಕ್ಕೆ ನಂಟು. ಬೇರುಗಂಟಿನ ಜಂತು, ಎಲೆಮುದುರು ರೋಗ, ಹೊಗೆಸೊಪ್ಪಿನ ಹೆಸರನ್ನೇ ಹೊತ್ತ ಎಲೆತಿನ್ನುವ ಹುಳು ಇವು ಎರಡಕ್ಕೂ ಸಾಮಾನ್ಯ. ಇವುಗಳಲ್ಲೆಲ್ಲ ವಿಚಿತ್ರವಾದುದು ಮೊಸಾಯಿಕ್ ರೋಗ. 1886ರಲ್ಲಿ ಹಾಲೆಂಡಿನಲ್ಲಿ ಅಡಾಲ್ಫ್ ಮಾಯರ್ ಎಂಬ ವಿದ್ವಾಂಸರು ರೋಗದ ಹೊಗೆಸೊಪ್ಪಿನ ರಸದಿಂದ ಒಳ್ಳೆಯ ಗಿಡಕ್ಕೆ ರೋಗ ಹತ್ತುವುದನ್ನು ತೋರಿಸಿದರು. 1892ರಲ್ಲಿ ರಷ್ಯದ ಇವನೋವ್ಸ್ಕಿಯವರು ಆ ರಸವನ್ನು ಸೂಕ್ಷ್ಮಜೀವಿಗಳೂ ನುಸುಳದ ಪಿಂಗಾಣಿಯಲ್ಲಿ ಸೋಸಿದರೂ ವಿಷವು ಉಳಿದುದನ್ನು ಕಂಡರು. ಲೋಕವು ಮೊದಲು ಅರಿತ ವಿಷಾಣು, ಅಂದರೆ ವೈರಸ್, ಇದೇ. 1935ರಲ್ಲಿ ಅಮೆರಿಕಾದ ಸ್ಟ್ಯಾನ್ಲಿಯವರು ಇದನ್ನು ಸಕ್ಕರೆಯಂತೆ ಹರಳುಗಟ್ಟಿಸಿದರು.

ರೈತನಿಗೆ ಮುಖ್ಯವಾದುದು ಇದರ ಗಟ್ಟಿತನ. ಒಣಗಿಸಿ, ಹುದುಗಿಸಿ, ವರ್ಷಾಂತರ ಕೂಡಿಟ್ಟ ಎಲೆಯಲ್ಲಿಯೂ ಈ ವಿಷಾಣು ಸಾಯದಿರಬಹುದು. ಬೀಡಿಯಲ್ಲಿರಬಹುದು, ಕಡ್ಡಿಪುಡಿಯಲ್ಲಿರಬಹುದು, ಎಸ್ತೆಲಿಯಿಂದ ಬಂದ ಬೆಲೆಬಾಳುವ ಚುರುಟಿನಲ್ಲಿಯೂ ಇರಬಹುದು. ಇದನ್ನು ಹರಡುವುದು ನೊಣವಲ್ಲ, ಗಾಳಿಯಲ್ಲ; ಮನುಷ್ಯನ ಕೈ. ಕೋಲಾರದ ಪದ್ಧತಿಯಲ್ಲಿ ಟೊಮ್ಯಾಟೊ ಗಿಡವನ್ನು ಎಷ್ಟು ಸಲ ಮುಟ್ಟುವರೆಂದು ಎಣಿಸಿ ನೋಡಬೇಕು. ಪೈರನ್ನು ತಟ್ಟೆಯಿಂದ ಕೀಳುವಾಗ, ನಾಟಿಯಲ್ಲಿ, ನೀಲಗಿರಿಯ ಕೋಲು ನೆಟ್ಟು ದಾರದಿಂದ ಕಟ್ಟುವಾಗ ಮತ್ತೆ ಮತ್ತೆ, ಆಮೇಲೆ ಕೊಯ್ಲಿನ ಪ್ರತಿ ಸುತ್ತಿನಲ್ಲಿ. ಬದುವಿನ ಮೇಲೆ ಬೀಡಿ ಸೇದಿ ಎದ್ದು ಬಂದ ಒಬ್ಬ ಆಳು ಒಂದು ಸಾಲಿನ ಮೊದಲ ಗಿಡಕ್ಕೆ ಅಂಟಿಸಿದ್ದನ್ನು ಅದೇ ಕೈಯಿಂದ ಸಾಲಿನ ಕೊನೆಯವರೆಗೂ ಒಯ್ಯುವನು. ಎಲೆಯಲ್ಲಿ ತಿಳಿಹಸುರು ಕಡುಹಸುರುಗಳ ಮಚ್ಚೆ ಕಾಣುವುದು, ಎಳೆಯ ಎಲೆ ಜರಿಗಿಡದಂತೆ ಸೀಳಿ ಕಿರಿದಾಗುವುದು, ಕಾಯಿ ಒಂದೇ ಸಮನಾಗಿ ಕೆಂಪಾಗದಿರುವುದು ಇದರ ಗುರುತುಗಳು. ಹತ್ತಿದ ಗಿಡಕ್ಕೆ ಔಷಧಿಯಿಲ್ಲ. ಪಕ್ಕದ ಗಿಡಗಳನ್ನು ಮುಟ್ಟದಂತೆ ಕಿತ್ತು ಹೊಲದ ಹೊರಗೆ ಸುಡಬೇಕು.

ಆದುದರಿಂದ ಟೊಮ್ಯಾಟೊ ಇಡುವವರು ಹೊಗೆಸೊಪ್ಪನ್ನು ಬೆಳೆಯದಿರುವುದಷ್ಟೇ ಸಾಲದು. ಪೈರಿನ ಮನೆಯೊಳಕ್ಕೂ ಹೊಲದೊಳಕ್ಕೂ ಅದನ್ನು ಯಾವ ರೂಪದಲ್ಲಿಯೂ ಬಿಡಬಾರದು. ಸೇದಿದವರು, ಅಗಿದವರು ಸೋಪು ಹಾಕಿ ಕೈ ತೊಳೆದ ಮೇಲೆಯೇ ಗಿಡವನ್ನು ಮುಟ್ಟಬೇಕು. ಜಮೀನ್ದಾರರು ತಾವೇ ಹೊಲ ನೋಡಲು ಹೋದಾಗಲೂ ಈ ನಿಯಮಕ್ಕೆ ರಿಯಾಯಿತಿಯಿಲ್ಲ. ನಾಟಿಯ ಮತ್ತು ದಾರ ಕಟ್ಟುವ ದಿವಸಗಳಲ್ಲಿ ಒಂದು ಲೀಟರ್ ನೀರಿಗೆ 200 ಗ್ರಾಂ ಕೆನೆ ತೆಗೆದ ಹಾಲಿನ ಪುಡಿಯನ್ನು ಕಲಸಿ, ಕೆಲಸದವರು ಆಗಾಗ್ಗೆ ಕೈಯನ್ನು ಅದರಲ್ಲಿ ಅದ್ದಿಕೊಳ್ಳುವಂತೆ ಏರ್ಪಡಿಸಬೇಕು. ಹಾಲಿನ ಸಸಾರಜನಕವು ವಿಷಾಣುವನ್ನು ಕಟ್ಟಿಹಾಕುವುದು. ಕತ್ತರಿ, ಚಾಕುಗಳನ್ನು ನೂರಕ್ಕೆ ಹತ್ತರ ಟ್ರೈಸೋಡಿಯಂ ಫಾಸ್ಫೇಟ್ ನೀರಿನಲ್ಲಿ ಅದ್ದಿ ತೆಗೆಯಬೇಕು. ಹಳೆಯ ದಾರವನ್ನು ಮುಂದಿನ ಬೆಳೆಗೆ ಉಪಯೋಗಿಸಬಾರದು. ಪೈರನ್ನು ಹೊರಗಿನಿಂದ ಕೊಳ್ಳುವವರು, ಅದನ್ನು ಬೆಳೆಸುವ ಆಳುಗಳು ಎಲ್ಲಿ ಕುಳಿತು ಬೀಡಿ ಸೇದುವರೆಂಬುದನ್ನು ಒಮ್ಮೆ ಕಣ್ಣಾರೆ ನೋಡಿ ಬಂದು, ಅನಂತರ ಮುಂಗಡ ಕೊಡುವುದು ಮೇಲು.